ಕಿಮೋ ಮುಗಿದ ಮೇಲೆ ಹೃದಯದ ಮೇಲೊಂದು ಕಣ್ಣಿರಲಿ

ತಂಗೀ,

ಕೊನೆಯ ಕಿಮೋ ಮುಗಿಸಿ ಮಣಿಪಾಲದಿಂದ ಕುಮಟೆಗೆ ಬಂದೆ ಎಂದು ಕೇಳಿ ಜೀವಕ್ಕೆ ನೆಮ್ಮದಿಯಾಯಿತು. ಆಸ್ಪತ್ರೆಯ ಫೈಲನ್ನು ಇನ್ನು ಅಟ್ಟಕ್ಕೆ ಹಾಕಬಹುದು ಎಂದು ಮನೆಯವರು ಹೇಳಿದರಂತೆ. ಹಾಕಬೇಡ.

ಮೂತ್ರವನ್ನೂ ಕೆಂಪಗೆ ಮಾಡುತ್ತಿತ್ತಲ್ಲ, ಆ ಕೆಂಪು ಮದ್ದಿನ ಹೆಸರು ಡಾಕ್ಸೋರುಬಿಸಿನ್. ಎಷ್ಟೋ ಜೀವ ಉಳಿಸಿದ ಮದ್ದು ಅದು. ಆದರೆ ಹೃದಯದ ಸ್ನಾಯುವನ್ನು ದುರ್ಬಲ ಮಾಡುವ ಗುಣವೂ ಅದಕ್ಕಿದೆ. ಮೈಗೆ ಸೇರಿದ ಒಟ್ಟು ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಕೆಲವರಿಗೆ ವರ್ಷದೊಳಗೇ ತೊಂದರೆ ಕಾಣುತ್ತದೆ, ಕೆಲವರಿಗೆ ಹತ್ತು ವರ್ಷ ಕಳೆದ ಮೇಲೆ. ಎಡ ಎದೆಗೆ ರೇಡಿಯೇಷನ್ ಆದವರೂ ಹೀಗೇ ಬಹುಕಾಲ ಎಚ್ಚರದಿಂದಿರಬೇಕು. ಟ್ರಾಸ್ಟುಜುಮಾಬ್ ಎಂಬ ಮತ್ತೊಂದು ಮದ್ದು ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತಾರೆ. ಆ ಮದ್ದಿನಿಂದಾದ ಹೃದಯದ ದೌರ್ಬಲ್ಯ ಬೇಗ ಗೊತ್ತಾದರೆ ಹೆಚ್ಚಿನವರಲ್ಲಿ ಸರಿಹೋಗುತ್ತದೆ.

ನನ್ನ ಆತಂಕ ಬೇರೆ. ನಮ್ಮ ಕಡೆ ಹೆಂಗಸರು ಏದುಸಿರು ಬಂದರೆ 'ಕಿಮೋದ ನಿಶ್ಶಕ್ತಿ' ಎಂದು ಕಷಾಯ ಕುಡಿದು ಸುಮ್ಮನಾಗುತ್ತಾರೆ. ನೀನು ಹಾಗೆ ಮಾಡಬೇಡ. ಬಾವಿಯಿಂದ ಕೊಡ ಎತ್ತಿ ತರುವಾಗ ಮೊದಲಿಲ್ಲದ ಏದುಸಿರು, ಅಂಗಾತ ಮಲಗಿದರೆ ಉಸಿರು ಕಟ್ಟಿ ಎರಡು ದಿಂಬು ಬೇಕಾಗುವುದು, ನಾಲ್ಕೈದು ದಿನದಲ್ಲಿ ತೂಕ ಎರಡು ಕಿಲೋ ಏರುವುದು, ಇವನ್ನೆಲ್ಲ ಗಮನಿಸು. ಸಂಜೆ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ನೋಡು. ಬಿದ್ದ ಗುಳಿ ಹಾಗೇ ಉಳಿದರೆ ಡಾಕ್ಟರಿಗೆ ತೋರಿಸು. ಯಾವ ಡಾಕ್ಟರ ಹತ್ತಿರ ಹೋದರೂ ಕಿಮೋ ಆಗಿದೆ ಎಂದು ಮೊದಲೇ ಹೇಳು. ಮದ್ದಿನ ಹೆಸರು, ಒಟ್ಟು ಡೋಸು ಡಿಸ್ಚಾರ್ಜ್ ಸಮರಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೋ. ಬಿಪಿ, ಸಕ್ಕರೆ ಹತೋಟಿಯಲ್ಲಿರಲಿ. ಬಿಪಿ ಇರುವವಳಿಗೆ ಉಪ್ಪಿನಕಾಯಿ, ಒಣಮೀನು ಹಿತವಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮೂರ ದೂರವೂ ಕಾರಣ. 2022ರ ಜುಲೈಯಲ್ಲಿ ಹೊನ್ನಾವರದ ರೋಗಿಯನ್ನು ಕುಂದಾಪುರದ ಕಡೆಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡರು. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಭಟ್ಕಳದಿಂದ ಕಾರವಾರದವರೆಗೂ ಎದ್ದಿತು. ಆಸ್ಪತ್ರೆ ಬರಲಿ, ಬರಲೇಬೇಕು. ಅಲ್ಲಿಯವರೆಗೆ ಉಸಿರು ಸಿಕ್ಕಿಕೊಂಡ ಮೇಲೆ ನಡುರಾತ್ರಿ ಓಡುವ ಬದಲು, ಗಟ್ಟಿಯಾಗಿರುವಾಗಲೇ ಬೆಳಗಿನ ರೈಲಿಗೆ ಹೋಗಿ ಎಕೋ ಮಾಡಿಸಿಕೊಂಡು ಬರುವುದು ಲೇಸು.

ಹೆದರಿ ಯಾವ ಮಾತ್ರೆಯನ್ನೂ ನೀನಾಗಿ ಬಿಡಬೇಡ. ಮುಂದಿನ ಎಕೋ ಯಾವಾಗ ಎಂದು ಈ ಸಲ ಡಾಕ್ಟರನ್ನು ಕೇಳಿಯೇ ಬಾ.