ನಿನ್ನ ಹೆಬ್ಬೆರಳಿಗೊಂದು ಮಾತು

ಒಂದು ಮಸಾಲೆ ದೋಸೆ ತರಿಸಿಕೊಳ್ಳುವ ಮುಂಚೆ ನೀನು ಎಷ್ಟು ತನಿಖೆ ಮಾಡುತ್ತೀಯ ಅಂತ ನಾನು ನೋಡಿದ್ದೇನೆ. ಹೋಟೆಲಿಗೆ ಎಷ್ಟು ಸ್ಟಾರು, ಯಾರು ಬೈದಿದ್ದಾರೆ, ಚಟ್ನಿ ಹಳಸಿತ್ತಂತಾ, ಎಲ್ಲ ವಿಚಾರಿಸುತ್ತೀಯ. ಸಂತೋಷ. ಅದೇ, ಹೆಸರು ದೆಸೆ ಇಲ್ಲದ ಯಾರೋ ಒಂದು ವಿಡಿಯೊ ಕಳಿಸಿ "ನಮ್ಮವರಿಗೆ ಏನು ಮಾಡಿದ್ದಾರೆ ನೋಡು, ರಕ್ತ ಕುದಿಯಲ್ವಾ?" ಅಂದರೆ ದೋಸೆಗಿದ್ದ ವಿಚಾರಣೆ ಅದಕ್ಕಿಲ್ಲ. ಹೆಬ್ಬೆರಳು ಒತ್ತಿಯೇ ಬಿಟ್ಟಿರುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ಮುಖ ಊದಿಸಿಕೊಳ್ಳಬೇಡ. ನಿನಗೆ ಬುದ್ಧಿಯಿಲ್ಲ ಅಂತ ಯಾರೂ ಅನ್ನುತ್ತಿಲ್ಲ. ಬುದ್ಧಿ ನನಗಿಂತ ಹೆಚ್ಚೇ ಇದೆ. ಆದರೆ ದ್ವೇಷವನ್ನೇ ದಂಧೆ ಮಾಡಿಕೊಂಡವರಿಗೆ ನಿನ್ನ ಬುದ್ಧಿ ಬೇಕಾಗಿಲ್ಲ, ಆತುರ ಬೇಕು. ಅದು ಹೇಗೆ ಅಂತ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಕೇಳು.

ನಾನು ರೈಲ್ವೆ ಬುಕಿಂಗ್ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಿದ್ದವನು. ಕಿಟಕಿಯ ತೂತಿನೊಳಗೆ ಬರುವ ಕೈ ನೋಡಿದರೆ ಸಾಕು, ಮದುವೆಗೆ ಹೊರಟ ಕೈಯೋ ಮಣ್ಣಿಗೆ ಹೊರಟ ಕೈಯೋ ತಿಳಿಯುತ್ತಿತ್ತು. 2012ರ ಆಗಸ್ಟ್ 15ರ ದಿನ ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಬಂದ ಕೈಗಳೆಲ್ಲ ಒಂದೇ ಥರ ನಡುಗುತ್ತಿದ್ದವು. ಎಲ್ಲರದೂ ಒಂದೇ ಊರು: ಗುವಾಹಟಿ. ಸೆಕ್ಯೂರಿಟಿ ಡ್ರೆಸ್ಸು ಬಿಚ್ಚದೇ ಬಂದವರು, ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳು, ಹೋಟೆಲಿನ ಅಡುಗೆಮನೆ ಹುಡುಗರು, ಕಾಲೇಜಿನವರು. ಒಬ್ಬ ಹುಡುಗ, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ, ದುಡ್ಡಿನ ಜೊತೆ ಫೋನನ್ನೂ ಒಳಗೆ ತಳ್ಳಿದ. ಅದರಲ್ಲಿ ಒಂದು ಮೆಸೇಜು. ರಂಜಾನ್ ಮುಗಿದ ಮೇಲೆ ಈಶಾನ್ಯದವರನ್ನು ಉಳಿಸುವುದಿಲ್ಲ ಅನ್ನುವ ಅರ್ಥದ್ದು. ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ: ಯಾರು ಕಳಿಸಿದ್ದು? ದೋಸ್ತ್ ಅಂದ. ದೋಸ್ತಿಗೆ ಯಾರು ಕಳಿಸಿದ್ದು? ಹಿಂದೆ ತಿರುಗಿ ನೋಡಿದ. ದೋಸ್ತ್ ಅವನ ಹಿಂದೆಯೇ ನಿಂತಿದ್ದ. ಅವನು ತನ್ನ ಹಿಂದಿನವನನ್ನು ನೋಡಿದ. ಕ್ಯೂ ಬಾಗಿಲು ದಾಟಿ ಹೋಗಿತ್ತು. ಮೊದಲು ಕಳಿಸಿದವನು ಮಾತ್ರ ಆ ಕ್ಯೂನಲ್ಲಿ ಇರಲಿಲ್ಲ.

ಆ ಒಂದೇ ದಿನ ಆರು ಸಾವಿರಕ್ಕೂ ಮಿಕ್ಕಿ ಜನ ಊರು ಬಿಟ್ಟರು. ವಿಶೇಷ ರೈಲು ಬಿಡಬೇಕಾಯಿತು. ಆಗ ಗೃಹ ಸಚಿವರಾಗಿದ್ದ ಆರ್. ಅಶೋಕ್ ಅವರೇ ಸ್ಟೇಷನ್ನಿಗೆ ಬಂದು "ಹೋಗಬೇಡಿ, ನಾವಿದ್ದೇವೆ" ಅಂದರು. ಕೇಳುವವರು ಯಾರು? ಸುಮಾರು 3,000 ಕಿಲೋಮೀಟರ್ ದೂರ, ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ, ಆದರೂ ಹತ್ತಿದರು. ಎರಡು ದಿನ ಬಿಟ್ಟು, ಒಬ್ಬರು ಐದಕ್ಕಿಂತ ಹೆಚ್ಚು ಜನಕ್ಕೆ ಒಟ್ಟಿಗೆ ಎಸ್ಸೆಮ್ಮೆಸ್ ಕಳಿಸುವಂತಿಲ್ಲ ಅಂತ ಕೇಂದ್ರ ಸರ್ಕಾರ 15 ದಿನದ ಕಟ್ಟು ಹಾಕಿತು.

ಹೆದರಿಕೆಗೆ ಕಾರಣವೇ ಇರಲಿಲ್ಲ ಅಂತಲ್ಲ. ಜುಲೈನಲ್ಲಿ ಅಸ್ಸಾಮಿನ ಕೋಕ್ರಝಾರ್ ಕಡೆ ನಿಜವಾಗಿಯೂ ಹೆಣ ಬಿದ್ದಿದ್ದವು. ಸುಳ್ಳು ಯಾವಾಗಲೂ ಹಾಗೆಯೇ, ಒಂದು ಹಿಡಿ ನಿಜದ ಹೆಪ್ಪು ಹಾಕಿಯೇ ಬರುತ್ತದೆ. ಅದೇ ದಿನಗಳಲ್ಲಿ ಇನ್ನೊಂದು ಕಡೆ ಇನ್ನೊಂದು ಫೋಟೊ ಓಡಾಡುತ್ತಿತ್ತು. ಸಾಲು ಸಾಲು ಹೆಣ, ನಡುವೆ ಕೆಂಪು ಬಟ್ಟೆಯ ಬೌದ್ಧ ಭಿಕ್ಷುಗಳು. ಮ್ಯಾನ್ಮಾರಿನಲ್ಲಿ ಮುಸ್ಲಿಮರನ್ನು ಕೊಂದು ಹಾಕಿದ್ದಾರೆ ಅಂತ ಅದರ ಕೆಳಗೆ ಬರೆದಿತ್ತು. ನಿಜಕ್ಕೂ ಅದು 2010ರ ಏಪ್ರಿಲ್‌ನಲ್ಲಿ ಟಿಬೆಟನ್ನರಿರುವ ಯೂಶು ಎಂಬಲ್ಲಿ ಭೂಕಂಪವಾದಾಗಿನ ಚಿತ್ರ. ಆ ಭಿಕ್ಷುಗಳು ಸತ್ತವರಿಗೆ ಸಂಸ್ಕಾರ ಮಾಡಲು ಬಂದಿದ್ದವರು. ಒಂದೇ ಗಾಳಿಸುದ್ದಿ, ಎರಡೂ ಕಡೆಯವರಿಗೆ ಬೇರೆ ಬೇರೆ ಪೊಟ್ಟಣ. ಮೆಸೇಜು ಹೇಳಿದ ದಾಳಿ ಬೆಂಗಳೂರಿನಲ್ಲಿ ಕೊನೆಗೂ ನಡೆಯಲಿಲ್ಲ.

ಅದು ಬಟನ್ ಫೋನಿನ ಕಾಲ. ಈಗ ನಿನ್ನ ಕೈಯಲ್ಲಿರುವುದು ಬೇರೆ ಪ್ರಾಣಿ.

ಆ ದ್ವೇಷದ ದಂಧೆಯವರು ಬಂದ ದಿನವೇ ಕತ್ತಿ ತೋರಿಸುತ್ತಾರೆ ಅಂದುಕೊಂಡಿದ್ದೀಯಾ? ಇಲ್ಲ ಮಗು. "ಊಟ ಆಯ್ತಾ ಬ್ರೋ" ಅಂತ ಬರುತ್ತಾರೆ. ಜೋಕು ಕಳಿಸುತ್ತಾರೆ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಹೋಯಿತು ಅಂದರೆ ಮನೆಯವರು ಬೈದರು, ಅವರಲ್ಲೊಬ್ಬ ಸಮಾಧಾನ ಮಾಡಿದ. ರಾತ್ರಿ ಎರಡು ಗಂಟೆಗೆ ಮೆಸೇಜು ಹಾಕಿದರೆ ಎದ್ದಿದ್ದು ಉತ್ತರ ಕೊಟ್ಟ. ನಿನ್ನನ್ನು ಅರ್ಥ ಮಾಡಿಕೊಂಡವನು ಪ್ರಪಂಚದಲ್ಲಿ ಅವನೊಬ್ಬನೇ ಅನ್ನಿಸುತ್ತದೆ. ಅತಿ ಸ್ನೇಹ ಗತಿ ಕೇಡು ಅಂತ ನನ್ನಜ್ಜಿ ಹೇಳುತ್ತಿದ್ದಳು. ಅವಳಿಗೆ ಟೆಲಿಗ್ರಾಂ ಅಂದರೆ ಸಾವಿನ ಸುದ್ದಿ ತರುವ ಕಾಗದ ಅಷ್ಟೇ, ಆದರೂ ಮಾತು ಸರಿಯಾಗಿಯೇ ಹೇಳಿದ್ದಳು. ಆಮೇಲೆ ಎಲ್ಲರೂ ಇರುವ ಜಾಗದಿಂದ ಸಣ್ಣ ಗುಂಪಿಗೆ ಕರೆ ಬರುತ್ತದೆ, ಅಲ್ಲಿಂದ ಇಬ್ಬರೇ ಮಾತಾಡುವ ಮೂಲೆಗೆ. "ಇದನ್ನೆಲ್ಲ ಮನೆಯಲ್ಲಿ ಹೇಳಬೇಡ, ಅವರಿಗೆ ತಿಳಿಯೋದಿಲ್ಲ" ಅನ್ನುತ್ತಾನೆ. ಈ ಒಂದು ಮಾತು ಕೇಳಿದ ದಿನ ನೀನು ಎದ್ದು ಬಂದು ಬಿಡಬೇಕು, ಚಪ್ಪಲಿ ಕೂಡ ಹುಡುಕದೆ.

ಆಟದ ಒಳಗೂ ಇದ್ದಾರೆ. ರೋಬ್ಲಾಕ್ಸ್ ಅಂತ ಮಕ್ಕಳು ಆಡುತ್ತವಲ್ಲ, ಅದರಲ್ಲಿ ಯಾರೋ ಇಸ್ಲಾಮಿಕ್ ಸ್ಟೇಟ್‌ನ ಯುದ್ಧಭೂಮಿಯನ್ನೇ ಕಟ್ಟಿದ್ದರು. ಅಲ್ಲಿ ಆಡುತ್ತಾ ಆಡುತ್ತಾ ಸಿಂಗಪುರದ 16 ವರ್ಷದ ಹುಡುಗನೊಬ್ಬ ಆಟದೊಳಗಿನ ನಾಯಕನಿಗೆ ನಿಷ್ಠೆಯ ಪ್ರತಿಜ್ಞೆ ಮಾಡಿ, ಅವರ ವಕ್ತಾರನೂ ಆಗಿದ್ದ ಅಂತ 2023ರಲ್ಲಿ ಅಲ್ಲಿನ ಸರ್ಕಾರ ಹೇಳಿತು. ನಾವು ಚಿಕ್ಕವರಿದ್ದಾಗ ಚಿನ್ನಿದಾಂಡಿನಲ್ಲಿ ಹಲ್ಲು ಮುರಿದುಕೊಳ್ಳುತ್ತಿದ್ದೆವು. ಅದೇ ವಾಸಿ.

"ಇಂಥವರೆಲ್ಲ ಆ ಕಡೆಯವರು, ನಮ್ಮವರಲ್ಲಿ ಇಲ್ಲ" ಅಂತ ಹೇಳುವವರಿದ್ದಾರೆ. ನೀನೂ ಹೇಳಿರಬಹುದು. ಹಾಗಾದರೆ ಇದೇ ಬೆಂಗಳೂರಿನ ಎರಡು ಸಂಗತಿ ಕೇಳು. 2014ರ ಡಿಸೆಂಬರ್‌ನಲ್ಲಿ ಜಾಲಹಳ್ಳಿಯ ಒಂದು ಬಾಡಿಗೆ ಕೋಣೆಯಿಂದ 24 ವರ್ಷದ ಎಂಜಿನಿಯರನ್ನು ಪೊಲೀಸರು ಹಿಡಿದರು. ಹಗಲು ಕಂಪನಿ ಕೆಲಸ, ರಾತ್ರಿ ಟ್ವಿಟರ್‌ನಲ್ಲಿ ಇಸ್ಲಾಮಿಕ್ ಸ್ಟೇಟ್‌ನ ಗುಣಗಾನ ಅನ್ನುವ ಆರೋಪ. ಸುಳಿವು ಕೊಟ್ಟದ್ದು ಬ್ರಿಟನ್ನಿನ ಚಾನೆಲ್ 4. ಆ ಖಾತೆಯ ಹಿಂದೆ 17,000ಕ್ಕೂ ಹೆಚ್ಚು ಮಂದಿ ಇದ್ದರು. ಅದೇ ಮನುಷ್ಯ ಫೇಸ್‌ಬುಕ್‌ನಲ್ಲಿ ಜೋಕು, ಸ್ನೇಹಿತರ ಜೊತೆ ಪಿಜ್ಜಾ ತಿಂದ ಫೋಟೊ ಹಾಕುತ್ತಿದ್ದ. ಪಕ್ಕದ ಮನೆ ಹುಡುಗನ ಹಾಗೇ. ಎರಡನೆಯದು 2022ರ ಜನವರಿಯದು. ನೂರಕ್ಕೂ ಹೆಚ್ಚು ಮುಸ್ಲಿಂ ಹೆಣ್ಣುಮಕ್ಕಳ ಫೋಟೊ ಹಾಕಿ "ಹರಾಜಿಗಿದ್ದಾರೆ" ಅಂದ ಬುಲ್ಲಿ ಬಾಯಿ ಅನ್ನುವ ಆ್ಯಪ್ ಬಂತು. ಗಿಟ್‌ಹಬ್ ಅಂತ ನೀವು ಪ್ರಾಜೆಕ್ಟ್ ಇಡುವ ಜಾಗದಲ್ಲೇ ಇಟ್ಟಿದ್ದರು. ಮುಂಬೈ ಪೊಲೀಸರು ಅದರಲ್ಲಿ ಮೊದಲು ಬಂಧಿಸಿದ್ದು ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು. ಅದನ್ನು ಹಬ್ಬಿಸಿದ ಖಾತೆಗಳಿಗೆ ಸಿಖ್ಖರ ಹೆಸರು ಇಡಲಾಗಿತ್ತು ಅಂತಲೂ ಪೊಲೀಸರು ಹೇಳಿದರು. ಬೆಂಕಿ ಹಚ್ಚುವುದು ಒಬ್ಬರು, ಕಡ್ಡಿಪೆಟ್ಟಿಗೆಯ ಮೇಲೆ ಬೇರೆಯವರ ಹೆಸರು. ಇಬ್ಬರು ಹುಡುಗರ ದೇವರು ಬೇರೆ ಬೇರೆ ಇರಬಹುದು. ಕೋಣೆ, ಫೋನು, ವಯಸ್ಸು ಹೆಚ್ಚುಕಡಿಮೆ ಒಂದೇ.

ಯೂಟ್ಯೂಬ್ ಅಂತ ಇನ್ನೊಂದಿದೆ. "ಇದನ್ನು ನೋಡಿದಿರಾ, ಹಾಗಾದರೆ ಇದನ್ನೂ ನೋಡಿ" ಅಂತ ಬಡಿಸುತ್ತಲೇ ಇರುತ್ತದೆ. ಮದುವೆ ಪಂಕ್ತಿಯಲ್ಲಿ ಎಲೆ ಮೇಲೆ ಕೈ ಅಡ್ಡ ಹಿಡಿದರೆ ಬಡಿಸುವವನು ನಿಲ್ಲಿಸುತ್ತಾನೆ, ಇದು ನಿಲ್ಲಿಸುವುದಿಲ್ಲ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನಿಗೆ ದೊಡ್ಡ ಪ್ರೇರಣೆ ಸಿಕ್ಕಿದ್ದು ಉಗ್ರ ಬಲಪಂಥದ ತಾಣಗಳಿಗಿಂತ ಯೂಟ್ಯೂಬಿನಲ್ಲಿ ಅಂತ ಅಲ್ಲಿನ ವಿಚಾರಣಾ ಆಯೋಗ ಬರೆದಿದೆ. ಕೊಲೆಯನ್ನು ಅವನು ಫೇಸ್‌ಬುಕ್‌ನಲ್ಲಿ ನೇರ ಪ್ರಸಾರ ಮಾಡಿದ. ನೇರವಾಗಿ ನೋಡಿದವರು 200 ಮಂದಿಯೂ ಇಲ್ಲ. ಆದರೆ ಮೊದಲ 24 ಗಂಟೆಯಲ್ಲಿ ಫೇಸ್‌ಬುಕ್ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಬೇಕಾಯಿತು. ಆ ಪ್ರತಿಗಳನ್ನು ಹಾಕಲು ಹೊರಟವರೆಲ್ಲ ಕೊಲೆಗಡುಕರಾಗಿದ್ದರಾ? "ಅಯ್ಯೋ, ಎಂಥಾ ಘೋರ ನೋಡಿ" ಅಂತ ಕಣ್ಣೀರು ಹಾಕುತ್ತಲೇ ಹಂಚಿದವರೂ ಇದ್ದಿರಬೇಕು. ಮೂರು ವರ್ಷ ಕಳೆದು 2022ರ ಮೇ 14ರಂದು ಅಮೆರಿಕದ ಬಫಲೋದಲ್ಲಿ 18ರ ಹುಡುಗನೊಬ್ಬ ಅಂಗಡಿಗೆ ನುಗ್ಗಿ 10 ಮಂದಿ ಕರಿಯರನ್ನು ಕೊಂದ. ಅವನು ಆ ಹಳೆಯ ವಿಡಿಯೊ ನೋಡಿದ್ದ, ಅದೇ ತನಗೆ ದಾರಿ ಅಂತ ಬರೆದಿಟ್ಟಿದ್ದ. ಕ್ರೈಸ್ಟ್‌ಚರ್ಚ್‌ನ ಹಂತಕನ ಹೆಸರನ್ನು ಬಾಯಲ್ಲಿ ಎತ್ತುವುದಿಲ್ಲ ಅಂದಿದ್ದರು ಆಗ ನ್ಯೂಜಿಲೆಂಡಿನ ಪ್ರಧಾನಿಯಾಗಿದ್ದ ಜಸಿಂಡಾ ಆರ್ಡರ್ನ್. ನಾನೂ ಎತ್ತಿಲ್ಲ, ಗಮನಿಸಿದೆಯಾ?

ಈಗ ಎಐ ಬಂದಿದೆ ಅಂತ ನೀನೇ ನನಗೆ ಪಾಠ ಮಾಡಿದ್ದೀಯ. 2024ರ ಮಾರ್ಚ್‌ನಲ್ಲಿ ಮಾಸ್ಕೋದ ಸಭಾಂಗಣದಲ್ಲಿ ಹತ್ಯಾಕಾಂಡವಾದ ಮೇಲೆ, ಇಸ್ಲಾಮಿಕ್ ಸ್ಟೇಟ್‌ನ ಬೆಂಬಲಿಗರು ಕಂಪ್ಯೂಟರಿನಲ್ಲೇ ಹುಟ್ಟಿಸಿದ ವಾರ್ತಾವಾಚಕನಿಂದ ಸುದ್ದಿ ಓದಿಸಿದರು. ಉಸಿರಿಲ್ಲದವನು, ಟಿವಿಯವರ ಗತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದ ಹಿರಿಯರು ಇದನ್ನೇ ಕನಸಿನಲ್ಲಿ ಕಂಡಿದ್ದರೋ ಏನೋ. ಅದಕ್ಕಿಂತ ನನ್ನನ್ನು ಕಾಡಿದ್ದು ಇಂಗ್ಲೆಂಡಿನದು. 2021ರ ಕ್ರಿಸ್‌ಮಸ್ ದಿನ 19ರ ಹುಡುಗನೊಬ್ಬ ರಾಣಿಯನ್ನು ಕೊಲ್ಲುತ್ತೇನೆ ಅಂತ ಅಡ್ಡಬಿಲ್ಲು ಹಿಡಿದು ವಿಂಡ್ಸರ್ ಕೋಟೆಗೆ ನುಗ್ಗಿದ್ದ. ಅವನ ಹಿಂದೆ ಯಾವ ಸಂಘಟನೆಯೂ ಇರಲಿಲ್ಲ. ತನ್ನ ಪ್ರೇಯಸಿ ಅಂತ ನಂಬಿದ್ದ ಒಂದು ಚಾಟ್‌ಬಾಟ್ ಜೊತೆ 5,000ಕ್ಕೂ ಹೆಚ್ಚು ಮೆಸೇಜು ಮಾತಾಡಿದ್ದ. ಕೊಲ್ಲುವ ಯೋಚನೆ ಹೇಳಿದಾಗ ಅದು ಇವನ ಜಾಣತನವನ್ನು ಹೊಗಳಿತಂತೆ. ಮನೆಯಲ್ಲಿ ಒಬ್ಬರಾದರೂ "ತಲೆ ಕೆಟ್ಟಿದೆಯೇನೋ, ಮಲಕ್ಕೋ ಹೋಗು" ಅಂದಿದ್ದರೆ! 2023ರಲ್ಲಿ ಅವನಿಗೆ 9 ವರ್ಷ ಶಿಕ್ಷೆಯಾಯಿತು. ನೀನು ಹೇಳಿದ್ದಕ್ಕೆಲ್ಲ ಹೌದು ಹೌದು ಅನ್ನುವವರು ಮನುಷ್ಯರಾಗಲಿ ಯಂತ್ರವಾಗಲಿ, ಸ್ವಲ್ಪ ದೂರವಿಡು.

ನಿನ್ನ ಕಾಗದ ಪತ್ರಗಳ ಮೇಲೂ ಒಂದು ಕಣ್ಣಿರಲಿ. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡಿನ ಕೆಫೆಯಲ್ಲಿ ಆದ ಸ್ಫೋಟದ ಚಾರ್ಜ್‌ಶೀಟಿನಲ್ಲಿ, ದುಡ್ಡು ಕ್ರಿಪ್ಟೊ ರೂಪದಲ್ಲಿ ಬಂದು ಟೆಲಿಗ್ರಾಮಿನ ವ್ಯವಹಾರದಲ್ಲಿ ನಗದಾಯಿತು, ಮೋಸದಿಂದ ಪಡೆದ ಸಿಮ್ಮು, ಬ್ಯಾಂಕ್ ಖಾತೆ ಬಳಸಿದರು ಅಂತ ಎನ್‌ಐಎ ಹೇಳಿದೆ. ನ್ಯಾಯಾಲಯ ಏನು ಹೇಳುತ್ತದೋ ಹೇಳಲಿ. ನೀನಂತೂ ಐನೂರು ಸಾವಿರದ ಆಸೆಗೆ ನಿನ್ನ ಹೆಸರಿನ ಸಿಮ್ಮನ್ನೋ ಖಾತೆಯನ್ನೋ ಗುರುತಿಲ್ಲದವರಿಗೆ ಕೊಡಬೇಡ.

ಸಿಟ್ಟು ಬರಿಸುವ ಸಂಗತಿ ಬಂದರೆ ಹುರುಳಿಕಾಳಿನ ಹಾಗೆ ಒಂದು ರಾತ್ರಿ ನೆನೆಹಾಕು. ಬೆಳಿಗ್ಗೆ ಮೊಳಕೆಯೂ ಕಾಣುತ್ತದೆ, ಹುಳುಕೂ ಮೇಲೆ ತೇಲುತ್ತದೆ. ಆಗಲೇ ಯಾವುದೋ ಗುಂಪಿನಲ್ಲಿ ಕಾಲು ಹೂತಿದ್ದರೆ ಬಂದು ಹೇಳು. ನನಗೆ ಬೇಡ, ಅಮ್ಮನಿಗೆ ಹೇಳು, ಮೇಷ್ಟ್ರಿಗೆ ಹೇಳು. ಬೈಯುತ್ತಾರೆ. ಬೈಸಿಕೊ. ಬೈಗುಳಕ್ಕೆ ಎಫ್‌ಐಆರ್ ಇಲ್ಲ.

ನಾವು ಹಿರಿಯರೇನು ಸಾಚಾಗಳಲ್ಲ, ಅದನ್ನೂ ಹೇಳಿಬಿಡುತ್ತೇನೆ. 2018ರಲ್ಲಿ ನಾನು ರಿಟೈರಾಗಿ ಕೂತಿದ್ದೆ. ಹೊಸ ಫೋನು, ಕೈತುಂಬ ಬಿಡುವು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಬಂತು. ಮಕ್ಕಳ ಕಳ್ಳರು ಬೆಂಗಳೂರಿಗೆ ಇಳಿದಿದ್ದಾರೆ, ಎಚ್ಚರ ಅಂತ. ಗುವಾಹಟಿಯ ಕ್ಯೂ ಕಂಡವನು ನಾನು, ಆ ಹುಡುಗನಿಗೆ "ಯಾರು ಕಳಿಸಿದ್ದು" ಅಂತ ಕೇಳಿದವನು ನಾನು. ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ. ಮೊಮ್ಮಕ್ಕಳ ಮುಖ ಕಣ್ಣ ಮುಂದೆ ಬಂತು, ಬಂಧುಬಳಗದ ಗುಂಪಿಗೆ, ವಾಕಿಂಗ್ ಗುಂಪಿಗೆ, ಕಳಿಸಿಯೇ ಬಿಟ್ಟೆ. ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆಂದು ಬಂದಿದ್ದ 26ರ ಯುವಕನನ್ನು ಮಕ್ಕಳ ಕಳ್ಳ ಅಂತ ಜನ ಬಡಿದು ಕೊಂದರು. ಅಲ್ಲಿ ಯಾವ ಉಗ್ರ ಸಂಘಟನೆಯೂ ಇರಲಿಲ್ಲ. ನನ್ನಂಥವರು ಇದ್ದೆವು.

ಆ ವಿಡಿಯೊ ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ್ದು, ಮಕ್ಕಳ ಮೇಲೆ ನಿಗಾ ಇಡಿ ಅಂತ ತಂದೆತಾಯಿಗೆ ತಿಳಿಹೇಳುವ ಜಾಹೀರಾತು. ಅದರ ಕೊನೆಯಲ್ಲಿ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸಿ ಹೋಗುತ್ತಾರೆ. ನಾನು ಕಳಿಸಿದ್ದರಲ್ಲಿ ಆ ಭಾಗ ಇರಲಿಲ್ಲ.