ಮನೆಯ ಸಂಗೀತಯಂತ್ರ: ಪೂರ್ವವರ್ಧಕವನ್ನೂ ಸ್ಪೀಕರನ್ನೂ ಆರಿಸುವ ಬಗೆ

ನಮ್ಮ ಮಿತ್ರರೊಬ್ಬರು ಸೇವೆಯಿಂದ ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ಬಹುಕಾಲದ ಆಸೆಯೊಂದಕ್ಕೆ, ಎಂದರೆ ಮನೆಯಲ್ಲಿ ಉತ್ತಮ ದರ್ಜೆಯ ಸಂಗೀತಯಂತ್ರವನ್ನು ಅಣಿಗೊಳಿಸುವುದಕ್ಕೆ, ಮೀಸಲಿಟ್ಟರು. ಮೊದಲು ಸ್ಪೀಕರುಗಳು ಬಂದವು. ಜೊತೆಗೆ ಒಂದು ಶಕ್ತಿವರ್ಧಕ, ಒಂದು ಸಾಧಾರಣ ಪೂರ್ವವರ್ಧಕ. ಆರು ತಿಂಗಳು ಸುಖವಾಗಿ ಕೇಳಿದರು. ಅನಂತರ ಅಂಗಡಿಯವರ ಮಾತಿಗೆ ಒಲಿದು, ವಾಲ್ವುಗಳಿಂದ ಕೆಲಸಮಾಡುವ, ಬಹಳ ಬೆಲೆಯ ಹಳೆಯ ಪೂರ್ವವರ್ಧಕವೊಂದನ್ನು ಕೊಂಡು ತಂದು ಜೋಡಿಸಿದರು. ಅಂದೇ ಮೃದಂಗದ ಎಡಮುಚ್ಚಿಗೆಯ ಗುಮಕಿ ಸೊರಗಿಹೋಯಿತು. ಅಂಗಡಿಯವರನ್ನು ವಿಚಾರಿಸಲಾಗಿ, ಪೂರ್ವವರ್ಧಕವು ಅಷ್ಟು ಸೂಕ್ಷ್ಮವಾದುದರಿಂದ ಸ್ಪೀಕರಿನ ಬಡತನ ಈಗ ಬಯಲಾಗಿದೆಯೆಂದೂ, ಅದನ್ನು ಅರ್ಧ ಬೆಲೆಗೆ ಹಿಂದಕ್ಕೆ ಕೊಟ್ಟು ಲಕ್ಷ ರೂಪಾಯಿಗೆ ಮೇಲ್ಪಟ್ಟು ಹಣ ಸೇರಿಸಿದರೆ ತಕ್ಕ ಜೋಡಿ ದೊರೆಯುವುದೆಂದೂ ಉತ್ತರ ಬಂತು. ಹಣವನ್ನು ಕೊಡುವುದಕ್ಕೆ ಮುನ್ನ ಮಿತ್ರರು ನಮ್ಮನ್ನು ಕರೆದದ್ದು ಒಳ್ಳೆಯದಾಯಿತು.

ಪೂರ್ವವರ್ಧಕ, ಅಂಗಡಿಯ ಮಾತಿನಲ್ಲಿ ಪ್ರೀಆಂಪ್, ಏನು ಮಾಡುತ್ತದೆಂಬುದನ್ನು ಮೊದಲು ನೋಡೋಣ. ಹೆಸರಿನಿಂದ ಇದು ಸಂಕೇತವನ್ನು ಹಿಗ್ಗಿಸುವ ಯಂತ್ರವೆಂದು ತೋರುವುದು ಸಹಜ. ಆದರೆ 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಯಂತ್ರವಾಗಲಿ, ಅದರ ಅನಂತರದ ಡಿಜಿಟಲ್ ಯಂತ್ರಗಳಲ್ಲಿ ಬಹುಪಾಲಾಗಲಿ, ಗರಿಷ್ಠಮಟ್ಟದಲ್ಲಿ ಸುಮಾರು 2 ವೋಲ್ಟುಗಳನ್ನು ತಾವೇ ಕೊಡುತ್ತವೆ. ಸಾಮಾನ್ಯ ಶಕ್ತಿವರ್ಧಕವು ತನ್ನ ಪೂರ್ಣಬಲವನ್ನು ತೋರಲು ಒಂದೆರಡು ವೋಲ್ಟು ಸಾಕು. ಎಂದ ಮೇಲೆ ಪೂರ್ವವರ್ಧಕವು ಇಲ್ಲಿ ಹಿಗ್ಗಿಸುವುದಕ್ಕಿಂತ ತಗ್ಗಿಸುವುದೇ ಹೆಚ್ಚು! ಬೇಕಾದ ಮೂಲವನ್ನು ಆರಿಸುವುದು, ಸದ್ದನ್ನು ಏರಿಸಿ ಇಳಿಸುವುದು, ಮುಂದಿನ ಯಂತ್ರವನ್ನು ದಣಿಯದೆ ನಡೆಸುವುದು: ಅದರ ಕೆಲಸ ಇಷ್ಟೇ.

ಗ್ರಾಮಫೋನ್ ತಟ್ಟೆಗಳನ್ನು ಕೇಳುವವರ ಮಾತು ಬೇರೆ. ಚಲಿಸುವ ಅಯಸ್ಕಾಂತವುಳ್ಳ ಕಾರ್ಟ್ರಿಜ್ಜಿನಿಂದ ಹೊರಡುವುದು ಸುಮಾರು 5 ಮಿಲಿವೋಲ್ಟು. ಇದನ್ನು ನೂರು ಪಟ್ಟು ಹಿಗ್ಗಿಸಿದರೂ ಅರ್ಧ ವೋಲ್ಟಾದೀತು. ಇದಲ್ಲದೆ, ಮಂದ್ರಸ್ವರಗಳನ್ನು ಇದ್ದ ಹಾಗೆಯೇ ಕೊರೆದರೆ ಗೆರೆ ಪಕ್ಕದ ಗೆರೆಯನ್ನು ಹಾಯುವುದರಿಂದ, ಮುದ್ರಿಸುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿರುತ್ತಾರೆ. 1954ರಲ್ಲಿ ಅಮೆರಿಕದಲ್ಲಿ ನೆಲೆಗೊಂಡ ಕ್ರಮದಂತೆ, ಸೆಕೆಂಡಿಗೆ 20 ಕಂಪನದ ನಾದವು 1,000 ಕಂಪನದ ನಾದಕ್ಕಿಂತ ಸುಮಾರು 19 ಡೆಸಿಬೆಲ್ ಕೆಳಗೆ, 20,000 ಕಂಪನದ್ದು ಸುಮಾರು 20 ಡೆಸಿಬೆಲ್ ಮೇಲೆ ಇರುತ್ತದೆ. ಕೇಳುವಾಗ ಇದನ್ನು ಸರಿಯಾಗಿ ಹಿಂದುಮುಂದಾಗಿಸಬೇಕು. ಈ ಕೆಲಸವನ್ನು ಗುಜುಗುಜು ಸದ್ದಿಲ್ಲದೆ ಮಾಡುವ ಪೂರ್ವವರ್ಧಕಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಾವು ಆಕ್ಷೇಪಿಸುವುದಿಲ್ಲ.

ನಮ್ಮ ಮಿತ್ರರು ಕೇಳುವುದು ಸಿ.ಡಿ.ಗಳನ್ನು. ಹಾಗಾದರೆ ಗುಮಕಿ ಎಲ್ಲಿ ಹೋಯಿತು? ಎರಡು ಯಂತ್ರಗಳ ಜೊತೆಗೆ ಬಂದಿದ್ದ ವಿವರಣಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆವು. ಪೂರ್ವವರ್ಧಕದ ಹೊರಬಾಗಿಲಿನ ಪ್ರತಿರೋಧ, ಎಂದರೆ ವ್ಯಾಪಾರಿಗಳು ಇಂಪೀಡೆನ್ಸ್ ಎನ್ನುವುದು, 2,000 ಓಮು. ಶಕ್ತಿವರ್ಧಕದ ಒಳಬಾಗಿಲಿನದು 10,000 ಓಮು. ವಾಲ್ವಿನ ಹೆಚ್ಚಿನ ವೋಲ್ಟೇಜು ಮುಂದಿನ ಯಂತ್ರಕ್ಕೆ ನುಗ್ಗದಂತೆ ನಡುವೆ ಒಂದು ಕಂಡೆನ್ಸರು ಇರುತ್ತದೆ; ಇದರಲ್ಲಿದ್ದುದು 0.1 ಮೈಕ್ರೋಫ್ಯಾರಡ್. ಕಂಡೆನ್ಸರು ನಿಧಾನವಾದ ಕಂಪನಗಳಿಗೆ ಹೆಚ್ಚು ಅಡ್ಡಿಯನ್ನೂ ಶೀಘ್ರವಾದವುಗಳಿಗೆ ಕಡಮೆ ಅಡ್ಡಿಯನ್ನೂ ಒಡ್ಡುವುದೆಂಬುದು ವಾಚಕರಿಗೆ ತಿಳಿದಿರಬಹುದು. ಯಾವ ಕಂಪನಸಂಖ್ಯೆಯಲ್ಲಿ ಶಕ್ತಿ ಅರ್ಧಕ್ಕಿಳಿಯುತ್ತದೆಂಬುದನ್ನು ಕಂಡುಹಿಡಿಯಲು, ಎರಡು ಪ್ರತಿರೋಧಗಳ ಮೊತ್ತವನ್ನು ಕಂಡೆನ್ಸರಿನ ಧಾರಣೆಯಿಂದಲೂ 6.28ರಿಂದಲೂ ಗುಣಿಸಿ, ಬಂದ ಲಬ್ಧದಿಂದ ಒಂದನ್ನು ಭಾಗಿಸಬೇಕು. ಮೊತ್ತ 12,000 ಓಮು. ಉತ್ತರ ಸುಮಾರು 133. ಸೆಕೆಂಡಿಗೆ 133 ಕಂಪನಗಳಿಂದಲೇ ಮಂದ್ರವು ಸೋರಿಹೋಗುತ್ತಿತ್ತು! ಗಾಯಕರ ಷಡ್ಜವು 130ರ ಸುಮಾರಿನಲ್ಲಿದ್ದು, ಎಡಮುಚ್ಚಿಗೆಯನ್ನು ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೂಡಿಸಿದ್ದರೆ ಅದರ ನಾದ 65ರ ಹತ್ತಿರ ಬರುತ್ತದೆ. ಆ ನಾದದ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಮಾತ್ರ ಸ್ಪೀಕರಿಗೆ ಮುಟ್ಟುತ್ತಿತ್ತು.

ಇದರಲ್ಲಿ ಪೂರ್ವವರ್ಧಕವನ್ನು ರಚಿಸಿದವರ ತಪ್ಪೇನೂ ಇಲ್ಲ. ವಾಲ್ವಿನ ಕಾಲದ ಶಕ್ತಿವರ್ಧಕಗಳ ಒಳಬಾಗಿಲು 1,00,000 ಓಮಿನಷ್ಟು ಇರುವುದು ಸಾಮಾನ್ಯವಾಗಿತ್ತು. ಅದನ್ನು ಹಾಕಿ ಲೆಕ್ಕ ಮಾಡಿದರೆ ಉತ್ತರ ಸುಮಾರು 16. ಕಿವಿಗೆ ನಷ್ಟವೇ ಇಲ್ಲ. ಎರಡೂ ಒಳ್ಳೆಯ ಮನೆತನದವೇ ಆದರೂ ಸಂಬಂಧ ಕೂಡಲಿಲ್ಲ, ಅಷ್ಟೆ. ಕೆಲಸ ಬಲ್ಲವರೊಬ್ಬರಿಂದ 2.2 ಮೈಕ್ರೋಫ್ಯಾರಡಿನ ಕಂಡೆನ್ಸರುಗಳನ್ನು ಹಾಕಿಸಲಾಯಿತು. ವಾಲ್ವು ಯಂತ್ರದೊಳಗೆ ಪ್ರಾಣಾಪಾಯದ ವೋಲ್ಟೇಜು, ತಂತಿಯನ್ನು ಕಿತ್ತ ಮೇಲೂ ಸ್ವಲ್ಪ ಹೊತ್ತು, ಉಳಿದಿರುವುದುಂಟು. ಆದುದರಿಂದ ವಾಚಕರು ಸ್ವತಃ ಕೈಹಾಕಬಾರದು. ಕೆಲವು ನೂರು ರೂಪಾಯಿಗಳಲ್ಲಿ ಮೃದಂಗ ಮರಳಿ ಬಂದಿತು. ಕೊಳ್ಳುವವರು ನೆನಪಿಡತಕ್ಕದ್ದು ಇಷ್ಟು: ಶಕ್ತಿವರ್ಧಕದ ಒಳಬಾಗಿಲಿನ ಪ್ರತಿರೋಧವು ಪೂರ್ವವರ್ಧಕದ ಹೊರಬಾಗಿಲಿನದಕ್ಕಿಂತ ಹತ್ತು ಪಟ್ಟಿಗೆ ಕಡಮೆಯಾಗದಿರಲಿ, ಅದೂ 1,000 ಕಂಪನಗಳಲ್ಲಿ ಅಳೆದ ಅಂಕಿ ಮಾತ್ರವಲ್ಲ, 20 ಕಂಪನಗಳಲ್ಲಿ ಅಳೆದದ್ದನ್ನು ಕೇಳಿ ಪಡೆಯಿರಿ.

ಈಗ ಸ್ಪೀಕರಿಗೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಹಣದ ದೊಡ್ಡ ಪಾಲು ಸಲ್ಲಬೇಕಾದದ್ದು ಇದಕ್ಕೆ. ಒಳ್ಳೆಯ ವರ್ಧಕವು ಕಿವಿಗೆ ಕೇಳುವ ಕಂಪನಗಳಲ್ಲೆಲ್ಲ ಅರ್ಧ ಡೆಸಿಬೆಲ್ಲೂ ಏರುಪೇರಾಗದಂತೆ ನಡೆಯುತ್ತದೆ. ಒಳ್ಳೆಯ ಸ್ಪೀಕರೇ ಆದರೂ ಮೂರು ಡೆಸಿಬೆಲ್ ಅತ್ತಿತ್ತ ಓಲಾಡುವುದು ಸಾಮಾನ್ಯ. 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು ವರ್ಣಿಸಿದ ರಚನೆಯೇ, ಎಂದರೆ ಅಯಸ್ಕಾಂತದ ನಡುವೆ ತೂಗುವ ಸುರುಳಿ ಮತ್ತು ಅದಕ್ಕಂಟಿದ ಶಂಕು, ಮೂಲತತ್ವದಲ್ಲಿ ಇಂದಿಗೂ ನಡೆದುಬಂದಿದೆ. ಮನೆಯ ಸ್ಪೀಕರುಗಳಲ್ಲಿ ಬಹುಪಾಲು ತಮಗೆ ಸಿಕ್ಕ ವಿದ್ಯುಚ್ಛಕ್ತಿಯಲ್ಲಿ ನೂರರಲ್ಲೊಂದು ಪಾಲನ್ನೂ ನಾದವಾಗಿಸಲಾರವು; ಉಳಿದದ್ದೆಲ್ಲ ಶಾಖ.

ಕೊಳ್ಳುವವರು ಮೂರು ವರಗಳನ್ನು ಬೇಡುತ್ತಾರೆ: ಪೆಟ್ಟಿಗೆ ಚಿಕ್ಕದಿರಬೇಕು, ಮಂದ್ರ ಆಳವಾಗಿರಬೇಕು, ಅಲ್ಪಶಕ್ತಿಗೆ ಹೆಚ್ಚು ಸದ್ದು ಬರಬೇಕು. ಭೌತಶಾಸ್ತ್ರವು ಇವುಗಳಲ್ಲಿ ಎರಡನ್ನು ಮಾತ್ರ ದಯಪಾಲಿಸುತ್ತದೆ. ಇದಕ್ಕೆ ಹಾಫ್‌ಮನ್ನರ ಕಬ್ಬಿಣದ ನಿಯಮವೆಂದು ಹೆಸರು. ಬಿ.ಬಿ.ಸಿ.ಯವರು 1970ರ ದಶಕದಲ್ಲಿ ತಮ್ಮ ಸಂಚಾರಿ ವಾಹನಗಳಿಗಾಗಿ ರಚಿಸಿದ ಎಲ್.ಎಸ್. 3/5ಎ ಎಂಬ ಪುಟ್ಟ ಸ್ಪೀಕರು ಒಂದು ವ್ಯಾಟಿಗೆ ಒಂದು ಮೀಟರಿನ ದೂರದಲ್ಲಿ ಸುಮಾರು 83 ಡೆಸಿಬೆಲ್ ಕೊಡುತ್ತದೆ. ಪಾಲ್ ಕ್ಲಿಪ್ಷ್ 1940ರ ದಶಕದಲ್ಲಿ ರಚಿಸಿದ, ಕೋಣೆಯ ಮೂಲೆಯನ್ನೇ ತುಂಬುವ ಕಹಳೆ ಸ್ಪೀಕರು, ತಯಾರಕರ ಅಂಕಿಯಂತೆ, 105. ಮೂರು ಡೆಸಿಬೆಲ್ಲಿಗೆ ಶಕ್ತಿ ಇಮ್ಮಡಿಯಾಗಬೇಕು, ಹತ್ತಕ್ಕೆ ಹತ್ತು ಪಟ್ಟಾಗಬೇಕು. ಹೀಗಿರುವುದರಿಂದ ಕಹಳೆಯು ಒಂದು ವ್ಯಾಟಿನಲ್ಲಿ ಮಾಡುವ ಸದ್ದಿಗೆ ಪುಟ್ಟ ಸ್ಪೀಕರು ನೂರೈವತ್ತಕ್ಕೂ ಹೆಚ್ಚು ವ್ಯಾಟು ಕೇಳುತ್ತದೆ, ಅಷ್ಟನ್ನು ತಾಳಲಾರದೆ ಸುಟ್ಟುಹೋಗಲೂಬಹುದು. ಆದರೆ ಕಹಳೆಯು ಪೂರ್ವವರ್ಧಕದ ಸಣ್ಣ ಹಿಸ್ಸೆಂಬ ಸದ್ದನ್ನೂ ಅಷ್ಟೇ ಉದಾರವಾಗಿ ಹಿಗ್ಗಿಸಿ ಕೇಳಿಸುತ್ತದೆ. ಸ್ಪೀಕರು ನಿಶ್ಚಯವಾಗುವವರೆಗೆ ಪೂರ್ವವರ್ಧಕವನ್ನು ಕೊಳ್ಳಬೇಡಿರೆಂದು ನಾವು ಹೇಳುವುದು ಇದಕ್ಕಾಗಿಯೇ.

ಕೆನಡದ ರಾಷ್ಟ್ರೀಯ ಸಂಶೋಧನ ಮಂಡಲಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ತೆರೆಯ ಹಿಂದೆ ಸ್ಪೀಕರುಗಳನ್ನಿಟ್ಟು ಕೇಳುಗರಿಂದ ಪರೀಕ್ಷೆ ಮಾಡಿಸಿದರು. ಎದುರಿಗೂ ಪಕ್ಕಗಳಿಗೂ ಏರುಪೇರಿಲ್ಲದೆ ನಾದವನ್ನು ಹರಡುವ ಸ್ಪೀಕರನ್ನೇ ಜನರು ಮೆಚ್ಚಿದರೆಂದು ತಿಳಿದುಬಂತು. ತೆರೆ ತೆಗೆದೊಡನೆ ಅಭಿಪ್ರಾಯಗಳು ಬದಲಾಗುವುದನ್ನೂ ಅವರು ತಮ್ಮ ಸಹೋದ್ಯೋಗಿಯೊಡನೆ 1994ರಲ್ಲಿ ಪ್ರಕಟಿಸಿದರು. ಕಣ್ಣು ಕಿವಿಗೆ ಎಷ್ಟು ಮೋಸಮಾಡುತ್ತದೆಂಬುದಕ್ಕೆ ಪ್ರಯೋಗಶಾಲೆಯಲ್ಲಿ ದಿನವೂ ವಿದ್ಯಾರ್ಥಿಗಳ ಅಳತೆಗಳನ್ನು ತಿದ್ದುವ ನಮಗೆ ಬೇರೆ ಸಾಕ್ಷ್ಯ ಬೇಕಿಲ್ಲ.

ಅಂಗಡಿಗೆ ಹೋಗುವಾಗ ಬರಿಯ ತಂಬೂರಿಯ ಧ್ವನಿಮುದ್ರಣವೊಂದನ್ನು ಒಯ್ಯಿರಿ. ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ವಿವರಿಸಿದಂತೆ, ತಂಬೂರಿಯ ಬಾಗಿದ ಕುದುರೆಯೂ ಜೀವಾಳದ ನೂಲೂ ಸೇರಿ, ತಂತಿಯನ್ನು ಮೀಟಿದ ಸ್ಥಾನದ ನಿಯಮದಂತೆ ಏಳಕೂಡದ ಉಪಸ್ವರಗಳನ್ನೂ ಎಬ್ಬಿಸುತ್ತವೆ. ಆ ಉಪಸ್ವರಗಳ ಮಾಲೆ ಮಂದ್ರದ ಶಂಕುವಿನಿಂದ ತಾರದ ಶಂಕುವಿಗೆ ದಾಟುವಲ್ಲಿ ಹರಿದರೆ, ಹರಿದದ್ದು ಕೂಡಲೆ ಕೇಳುತ್ತದೆ. ಎರಡು ಸ್ಪೀಕರುಗಳನ್ನು ಹೋಲಿಸುವಾಗ ಸದ್ದು ಸಮನಾಗಿರುವಂತೆ ಒತ್ತಾಯಪಡಿಸಿರಿ. ಒಂದು ಡೆಸಿಬೆಲ್ ಮೇಲಿದ್ದದ್ದು ‘ಹೆಚ್ಚು ಸ್ಪಷ್ಟ’ವೆಂದು ತೋರಿಬಿಡುತ್ತದೆ, ಮಾರುವವರಿಗೆ ಇದು ಗೊತ್ತು.

ಮಿತ್ರರ ಕಥೆ ಇನ್ನೂ ಮುಗಿದಿರಲಿಲ್ಲ. ಗುಮಕಿ ಮರಳಿದ ಮರುದಿನವೇ ಅದು ಅತಿಯಾಗಿ ಗುಡುಗುತ್ತಿದೆಯೆಂದು ದೂರು ಬಂತು. ಹೊಸ ಪೂರ್ವವರ್ಧಕ ಬಂದಾಗ ಸ್ಥಳ ಸಾಲದೆ ಸ್ಪೀಕರುಗಳನ್ನು ಮೂಲೆಗೆ ತಳ್ಳಿದ್ದರಂತೆ. ಅವರ ಹಜಾರ 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಗೋಡೆಯಿಂದ ಗೋಡೆಗೆ ನಿಂತ ಅಲೆ ಏರ್ಪಡುವುದು ಸೆಕೆಂಡಿಗೆ 47 ಕಂಪನಗಳಲ್ಲಿ. ಉದ್ದ ಅಗಲಗಳೆರಡರಲ್ಲೂ ಒಟ್ಟಿಗೆ ಏರ್ಪಡುವುದು 66ರಲ್ಲಿ. ಎಡಮುಚ್ಚಿಗೆಯ ನಾದ ಇದರ ಮಗ್ಗುಲಲ್ಲೇ ಇದೆಯಷ್ಟೆ. ಮೂಲೆಯಲ್ಲಿಟ್ಟ ಸ್ಪೀಕರು ಇಂಥ ಎಲ್ಲ ಅಲೆಗಳನ್ನೂ ಪೂರ್ಣಬಲದಿಂದ ಕೆರಳಿಸುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಮೂರಡಿ ಈಚೆಗೆ ಎಳೆದು, ಹಿಂಗೋಡೆಗೆ ಒರಗಿದ್ದ ಕುರ್ಚಿಯನ್ನು ಮುಂದಕ್ಕೆ ತಂದೆವು, ಗುಡುಗು ಅಡಗಿತು. ಬರಿಯ ನೆಲ, ಗಾರೆಯ ಗೋಡೆಗಳು ನಾದದಲ್ಲಿ ನೂರಕ್ಕೆ ಮೂರು ಪಾಲನ್ನು ಮಾತ್ರ ಹೀರುವುವೆಂದು ಹಿಡಿದರೆ, ಸೇಬಿನರ ಸೂತ್ರದಂತೆ ಆ ಹಜಾರದಲ್ಲಿ ಒಂದು ಚಪ್ಪಾಳೆ ಅಡಗಲು ಮೂರು ಸೆಕೆಂಡು ಬೇಕು. ತೆಳುವಾದ ಜಮಖಾನೆ ತಾರಸ್ವರಗಳನ್ನು ಮಾತ್ರ ಹೀರೀತು. ದಪ್ಪ ಹತ್ತಿಯ ಹಾಸಿಗೆ, ತುಂಬಿದ ಪುಸ್ತಕದ ಕಪಾಟು, ದಪ್ಪ ಪರದೆ ಇವು ಸೇರಿದರೆ ಕಾಲ ಅರ್ಧ ಸೆಕೆಂಡಿಗೆ ಸಮೀಪಿಸುತ್ತದೆ. ಅಟ್ಟದ ಮೇಲಿದ್ದ ಹಳೆಯ ಹಾಸಿಗೆಯೊಂದನ್ನು ಮಿತ್ರರು ಅಂದು ಸಂಜೆಯೇ ಇಳಿಸಿ ದಿವಾನಕ್ಕೆ ಹಾಸಿದರು.