ಹಳೆಯ ಗಣಕಕ್ಕೆ ಹೊಸ ಪ್ರೊಸೆಸರ್

ದೇವದುರ್ಗದ ಸೀಮೆಯ ಅರಕೇರಾದಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಈಚೆಗೆ ಚಿಕ್ಕ ಪೊಟ್ಟಣವೊಂದನ್ನು ತಂದು ನನ್ನ ಮುಂದಿಟ್ಟನು. ಅದರಲ್ಲಿದ್ದುದು ಗಣಕಯಂತ್ರದ ಮಿದುಳಾದ ಪ್ರೊಸೆಸರ್. ತಾಯಿ ಹತ್ತಿ ಬಿಡಿಸಿ ಕೂಡಿಟ್ಟ ಹಣದಲ್ಲಿ ಪೇಟೆಯಿಂದ ಸೆಕೆಂಡ್‌ಹ್ಯಾಂಡ್ ಕೊಂಡುದು. “ಸರ, ಬರೋಬ್ಬರಿ ಕುಂತೈತ್ರಿ, ಆದ್ರ ಚಾಲೂನ ಆಗವಲ್ದು” ಎಂದನು.

ಅವನ ಗಣಕದಲ್ಲಿ ಇದ್ದುದು ಇಂಟೆಲ್ ಕೋರ್ ಐ5-7400. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಆದರೋ, ಕೆಲವು ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ 8ನೆಯ ಪೀಳಿಗೆಯಿಂದ ಈಚಿನವನ್ನು ಮಾತ್ರ ಅಂಗೀಕರಿಸುತ್ತದೆ. ಇದನ್ನು ತಿಳಿದೇ ಹುಡುಗನು ಐ5-8400 ಅನ್ನು ಕೊಂಡಿದ್ದನು. ಎರಡಕ್ಕೂ ತಳದಲ್ಲಿರುವ ಸಂಪರ್ಕಬಿಂದುಗಳು 1151. ಹಾಗಿದ್ದರೆ ತಪ್ಪೆಲ್ಲಿ?

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು. ಈ ಪ್ರೊಸೆಸರ್‌ಗಳು ಸುಮಾರು 1 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. 65 ವಾಟ್ ಶಕ್ತಿಯನ್ನು 230 ವೋಲ್ಟ್‌ನ ಮನೆಯ ತಂತಿಯಿಂದ ಪಡೆದರೆ 0.3 ಆಂಪಿಯರ್ ಸಾಕು. 1 ವೋಲ್ಟ್‌ನಲ್ಲಿ ಪಡೆಯಬೇಕಾದರೆ 65 ಆಂಪಿಯರ್ ಹರಿಯಬೇಕು! ಕೂದಲಿನಷ್ಟು ಸಣ್ಣ ಬಿಂದುವೊಂದು ಇಷ್ಟನ್ನು ಹೊರಲಾರದು; ನೂರಾರು ಬಿಂದುಗಳು ಹಂಚಿಕೊಳ್ಳಬೇಕು. 7400ರಲ್ಲಿ ನಾಲ್ಕು ಕೋರ್‌ಗಳಿದ್ದರೆ 8400ರಲ್ಲಿ ಆರು. ಆದುದರಿಂದ ಇಂಟೆಲ್ ಹಿಂದೆ ಖಾಲಿ ಬಿಟ್ಟಿದ್ದ ಕೆಲವು ಬಿಂದುಗಳನ್ನು ವಿದ್ಯುತ್ತಿಗೆ ಒಪ್ಪಿಸಿ, 300ರ ಶ್ರೇಣಿಯ ಚಿಪ್‌ಸೆಟ್ ಇರುವ ಮದರ್‌ಬೋರ್ಡನ್ನೇ ಬೇಡುವಂತೆ ಮಾಡಿತು. ಹುಡುಗನ ಬೋರ್ಡು 200ರ ಶ್ರೇಣಿಯದು. ಕುಳಿತುಕೊಳ್ಳುವುದು ಬೇರೆ, ಹೊಂದಿಕೊಳ್ಳುವುದು ಬೇರೆ.

ವೇಗವನ್ನು ನೋಡಿ ಕೊಳ್ಳುವವರೂ ಮೋಸಹೋಗುತ್ತಾರೆ. 3.6 ಗಿಗಾಹರ್ಟ್ಸ್‌ನ ಐ7-7700 ಪಟ್ಟಿಯಲ್ಲಿಲ್ಲ, 2.8ರ ಐ5-8400 ಇದೆ. ಎಎಂಡಿಯ ರೈಜೆನ್ 5 2400ಜಿ ಎಂಬುದರ ಅಂಕೆ 2ರಿಂದ ತೊಡಗಿದರೂ ಅದರ ಒಳಗಿನ ರಚನೆ ಮೊದಲನೆಯ ಪೀಳಿಗೆಯದು, ಅದಕ್ಕೂ ಪ್ರವೇಶವಿಲ್ಲ.

ಇನ್ನೊಂದು ಭೇದವನ್ನು ವಿದ್ಯಾರ್ಥಿಗಳು ಗಮನಿಸಬೇಕು. “ಆಗದು” ಎಂಬುದು ಒಂದು, “ಒಲ್ಲೆ” ಎಂಬುದು ಇನ್ನೊಂದು. 2024ರ ವಿಂಡೋಸ್ 11 ಆವೃತ್ತಿಯು ಪಾಪ್‌ಕೌಂಟ್ ಎಂಬ ಆಜ್ಞೆಯನ್ನು ಬಳಸುತ್ತದೆ. ದ್ವಿಮಾನ ಸಂಖ್ಯೆಯಲ್ಲಿ ಎಷ್ಟು 1ಗಳಿವೆಯೆಂದು ಎಣಿಸುವುದು ಅದರ ಕೆಲಸ. 13 ಎಂದರೆ 1101, ಉತ್ತರ 3. ಈ ಆಜ್ಞೆಯನ್ನರಿಯದ ಹಳೆಯ ಪ್ರೊಸೆಸರ್‌ನಲ್ಲಿ ಆ ಆವೃತ್ತಿ ತೊಡಗುವುದೇ ಇಲ್ಲ. ಇದು “ಆಗದು”. ಆದರೆ ಇಂಟೆಲ್ ಈ ಆಜ್ಞೆಯನ್ನು 2008ರಲ್ಲಿಯೇ ಅಳವಡಿಸಿತ್ತು. 7400ಕ್ಕೆ ಅದು ಚೆನ್ನಾಗಿ ಬರುತ್ತದೆ. ಭದ್ರತೆಯ ಕಾರಣ ಹೇಳಿ ಮೈಕ್ರೋಸಾಫ್ಟ್ ಅದನ್ನು ಹೊರಗಿಟ್ಟಿದೆ. ಇದು “ಒಲ್ಲೆ”. ಗಟ್ಟಿಯಾಗಿರುವ ಯಂತ್ರವನ್ನು ಹೀಗೆ ಮೂಲೆಗೆ ತಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಕೊಳ್ಳುವವರು ಮೊದಲು ಮದರ್‌ಬೋರ್ಡಿನ ಮೇಲೆ ಅಚ್ಚಾದ ಹೆಸರನ್ನು ಬರೆದುಕೊಂಡು, ಅದರ ತಯಾರಕರ ಪಟ್ಟಿಯಲ್ಲಿ ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನು ಹುಡುಕಬೇಕು; ಆಮೇಲೆ ಮೈಕ್ರೋಸಾಫ್ಟಿನ ಪಟ್ಟಿ. ಟಿಪಿಎಂ 2.0 ಬೋರ್ಡಿನಲ್ಲಿದೆಯೇ ಎಂಬುದನ್ನೂ ವಿಚಾರಿಸಬೇಕು. ಬರಿಯ “ಐ5” ಎಂಬ ಮಾತಿಗೆ ಹಣ ಕೊಡಬಾರದು.

ಹುಡುಗನಿಗೆ ಹೊಸ ಬೋರ್ಡು ಕೊಳ್ಳುವ ಶಕ್ತಿಯಿರಲಿಲ್ಲ. ಹಳೆಯ 7400 ಅನ್ನೇ ಮರಳಿ ಕೂಡಿಸಿ ಲಿನಕ್ಸ್ ಹಾಕಿದೆವು. ಅವನಿಗೆ ರೂಢಿಯಾಗಿದ್ದ ಕೆ.ಜಿ.ಪಿ. ಕೀಲಿಮಣೆ ಅದರಲ್ಲಿಯೂ ದೊರೆಯಿತು. ಕೊಂಡಿದ್ದ 8400 ಅರ್ಧ ಬೆಲೆಗೆ ಮಾರಿಹೋಯಿತು.